ಹೃದಯವನ್ನು ಮುಟ್ಟುವ ತಿಂಡಿ

ಹಾಂಗ್‌ಕಾಂಗಿಗೆ ಹೋಗಿ ಬಂದವರನ್ನು ಕಂಡೊಡನೆ ನಮ್ಮ ಕಡೆಯವರು ಕೇಳುವ ಪ್ರಶ್ನೆ ಒಂದೇ: "ಅಲ್ಲಿ ಊಟಕ್ಕೆ ಏನು ಮಾಡಿದಿರಿ?" ನನ್ನನ್ನೂ ಹಾಗೆಯೇ ಕೇಳಿದರು. ಅಲ್ಲಿದ್ದ ಒಂಬತ್ತು ದಿನಗಳಲ್ಲಿ ಎಂಟು ದಿನ ಮನೆಯಲ್ಲಿಯೇ ಅನ್ನ ಸಾರು ಉಂಡೆನೆಂದೂ, ಒಂದು ದಿನ ಮಾತ್ರ ಹೊರಗೆ ತಿಂದೆನೆಂದೂ ಎಲ್ಲರಿಗೂ ಉತ್ತರ ಹೇಳಿದೆ. ಆ ಒಂದು ದಿನದ ವೃತ್ತಾಂತವನ್ನು ಮಾತ್ರ ಯಾರಿಗೂ ಪೂರ್ತಿಯಾಗಿ ಹೇಳಿರಲಿಲ್ಲ.

ಅದು ೨೦೧೮ರ ಡಿಸೆಂಬರ್ ತಿಂಗಳು. ನಾನು ಅಲ್ಲಿಗೆ ಹೋದದ್ದು ಊರು ನೋಡುವುದಕ್ಕಲ್ಲ. ನನ್ನ ತಮ್ಮನ ಮಗಳು ಅಲ್ಲಿನ ಒಂದು ದೊಡ್ಡ ಹಣಕಾಸಿನ ಸಂಸ್ಥೆಯಲ್ಲಿ ನಾಲ್ಕು ವರ್ಷಗಳಿಂದ ಉದ್ಯೋಗದಲ್ಲಿದ್ದಳು. ಲೆಕ್ಕದಲ್ಲಿ ಬಲು ಚುರುಕಾದ ಹುಡುಗಿ. ಚಾರ್ಟರ್ಡ್ ಅಕೌಂಟೆಂಟ್ ಪರೀಕ್ಷೆಯನ್ನು ಮೊದಲ ಸಲಕ್ಕೇ ಮುಗಿಸಿದವಳು. ಅವಳ ಒಂದು ತಿಂಗಳ ಸಂಬಳ, ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಸವೆದ ನನ್ನ ನಾಲ್ಕು ತಿಂಗಳ ಸಂಬಳಕ್ಕೆ ಸಮನಾಗಿದ್ದಿತು. ಹೀಗಿರಲು ಒಂದು ರಾತ್ರಿ ಟೆಲಿಫೋನಿನಲ್ಲಿ, "ಅಪ್ಪ, ನಾನು ಈ ಕೆಲಸ ಬಿಡುತ್ತೇನೆ" ಎಂದುಬಿಟ್ಟಳು. ಮದುವೆಯೇ? ಅಲ್ಲ. ಬೇರೆ ಕಡೆ ಹೆಚ್ಚಿನ ಸಂಬಳವೇ? ಅದೂ ಅಲ್ಲ. "ಈ ಕೆಲಸದಲ್ಲಿ ತೃಪ್ತಿಯಿಲ್ಲ" ಎಂಬುದೊಂದೇ ಕಾರಣ.

ಜಯನಗರದ ಮನೆಯಲ್ಲಿ ದೊಡ್ಡ ಸಭೆಯೇ ಸೇರಿತು. ತೃಪ್ತಿಯೆಂಬ ವಸ್ತುವನ್ನು ಸಂಬಳದ ಚೀಟಿಯಲ್ಲಿ ಯಾವ ಕಲಮಿನಲ್ಲಿ ಬರೆಯುತ್ತಾರೆಂದು ತಮ್ಮ ಕೇಳಿದ. ಅವಳ ತಾಯಿ ಕಣ್ಣೀರು ಹಾಕಿದಳು. ಕಡೆಗೆ, "ಅಣ್ಣ, ನೀನು ಬ್ಯಾಂಕಿನವನು, ನಿನ್ನ ಮಾತೆಂದರೆ ಅವಳಿಗೆ ಗೌರವ. ಹೋಗಿ ತಿಳಿಹೇಳಿ ಬಾ" ಎಂದು ನನ್ನನ್ನು ವಿಮಾನ ಹತ್ತಿಸಿದರು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ನನಗೆ ರಜೆಗೇನೂ ಕೊರತೆಯಿರಲಿಲ್ಲ.

ಹೋದ ಮೊದಲ ದಿನಗಳಲ್ಲಿ ತಿಳಿಹೇಳುವುದಕ್ಕೆ ಅವಳು ಕೈಗೆ ಸಿಕ್ಕಿದರೆ ತಾನೇ! ಬೆಳಗ್ಗೆ ಎಂಟು ಘಂಟೆಗೆ ಹೊರಟರೆ ರಾತ್ರಿ ಹತ್ತಕ್ಕೆ ಬರುತ್ತಿದ್ದಳು. ಬಂದವಳು ನಾನು ಮಾಡಿಟ್ಟ ಸಾರನ್ನು ಕಲಸಿ, ಎರಡು ತುತ್ತು ಉಂಡು, ಗೋಡೆಗೆ ಒರಗಿ ನಿದ್ದೆಹೋಗುತ್ತಿದ್ದಳು. ನಾನಾದರೋ ಇಪ್ಪತ್ತೇಳನೆಯ ಅಂತಸ್ತಿನ ಆ ಬೆಂಕಿಪೆಟ್ಟಿಗೆಯಂಥ ಮನೆಯ ಕಿಟಕಿಯಲ್ಲಿ ನಿಂತು, ಎದುರುಮನೆಯವರು ಕಂಬಿಗೆ ಒಣಹಾಕಿದ ಬಟ್ಟೆಗಳನ್ನು ಎಣಿಸುತ್ತಿದ್ದೆ. ಭಾನುವಾರ ಬರುವವರೆಗೆ ಕಾಯಬೇಕಾಯಿತು.

ಆ ಭಾನುವಾರ ಬೆಳಗ್ಗೆ ಅವಳೇ, "ದೊಡ್ಡಪ್ಪ, ನೀವು ಬಂದ ಕಾರ್ಯ ನನಗೆ ಗೊತ್ತು. ಮನೆಯಲ್ಲಿ ಕುಳಿತು ಬುದ್ಧಿ ಹೇಳಿಸಿಕೊಳ್ಳುವುದು ನನ್ನಿಂದಾಗದು. ನಡೆಯಿರಿ, ಡಿಮ್ ಸಮ್ ತಿನ್ನುವುದಕ್ಕೆ ಹೋಗೋಣ, ಅಲ್ಲಿ ಸಾಲಿನಲ್ಲಿ ನಿಂತಾಗ ಎಷ್ಟು ಬೇಕಾದರೂ ಹೇಳಿ" ಎಂದಳು.

ಮೊದಲು ಸೆಂಟ್ರಲ್ ಎಂಬ ಪೇಟೆಗೆ ಬಂದೆವು. ಹಾಂಗ್‌ಕಾಂಗ್ ದ್ವೀಪದ ಲಕ್ಷ್ಮಿ ನೆಲಸಿರುವುದು ಇಲ್ಲಿಯೇ. ವಾರದ ಆರು ದಿನ ಕೋಟು ಟೈಗಳ ನೂಕುನುಗ್ಗಲಿರುವ ಈ ಜಾಗದಲ್ಲಿ ಭಾನುವಾರ ನಾನು ಕಂಡ ನೋಟವೇ ಬೇರೆ. ಬ್ಯಾಂಕುಗಳ ಕೆಳಗಿನ ಜಗಲಿಗಳಲ್ಲಿ, ಮೇಲ್ಸೇತುವೆಗಳಲ್ಲಿ, ಕಾಲುಹಾದಿಗಳಲ್ಲಿ ಸಾವಿರಾರು ಹೆಂಗಸರು ರಟ್ಟಿನ ಹಾಳೆ ಹಾಸಿಕೊಂಡು ಕುಳಿತಿದ್ದರು. ಬುತ್ತಿ ಬಿಚ್ಚಿ ಹಂಚುತ್ತಿದ್ದವರು ಕೆಲವರು, ತಲೆ ಬಾಚಿಕೊಳ್ಳುತ್ತಿದ್ದವರು ಕೆಲವರು, ಊರಿನಲ್ಲಿ ಬಿಟ್ಟುಬಂದ ಮಕ್ಕಳೊಡನೆ ಫೋನಿನಲ್ಲಿ ಮಾತನಾಡುತ್ತಿದ್ದವರು ಕೆಲವರು. ಇವರೆಲ್ಲ ಫಿಲಿಪೈನ್ಸಿನಿಂದ ಮನೆಗೆಲಸಕ್ಕೆ ಬಂದವರು. ವಾರಕ್ಕೊಂದು ದಿನದ ಬಿಡುವನ್ನು ಕಳೆಯಲು ಅವರಿಗೆ ಬೇರೆ ಮನೆಯಿಲ್ಲ. "ಇವರಲ್ಲಿ ಊರಿನಲ್ಲಿ ಮೇಡಂ ಆಗಿ ಪಾಠ ಹೇಳಿದವರೂ ಇದ್ದಾರೆ, ದೊಡ್ಡಪ್ಪ" ಎಂದಳು ಹುಡುಗಿ. ನನಗೆ ಒಳ್ಳೆಯ ಅವಕಾಶ ಸಿಕ್ಕಿದಂತಾಯಿತು. "ನೋಡಿದೆಯಾ ಮಗು? ತೃಪ್ತಿ ಬೇಕೆಂದು ಇವರು ಯಾರನ್ನು ಕೇಳಬೇಕು?" ಎಂದೆ. ಅವಳು ಸ್ವಲ್ಪ ದೂರ ಸುಮ್ಮನೆ ನಡೆದು, "ಅದು ನನಗೂ ಚುಚ್ಚುತ್ತದೆ. ಆದರೆ ನಾನು ಅತೃಪ್ತಿಯಿಂದ ಇದ್ದರೆ ಇವರಿಗೆ ಏನಾದರೂ ಉಪಕಾರವಾಗುತ್ತದೆಯೇ?" ಎಂದಳು. ಬ್ಯಾಂಕಿನ ತರ್ಕ ಅಲ್ಲಿಗೇ ಮುಗ್ಗರಿಸಿತು.

ಹಡಗುಕಟ್ಟೆಯ ಬಳಿ ನಿಂತು ಹಿಂತಿರುಗಿ ನೋಡಿದರೆ ೪೧೨ ಮೀಟರ್ ಎತ್ತರದ ಗೋಪುರವೊಂದು ಮೋಡವನ್ನು ತಿವಿಯುತ್ತ ನಿಂತಿದೆ. ಅದರ ಮಗ್ಗುಲಲ್ಲಿ ಫೋರ್ ಸೀಸನ್ಸ್ ಎಂಬ ಭಾರಿ ಹೋಟೆಲು. ಅದರ ನಾಲ್ಕನೆಯ ಅಂತಸ್ತಿನಲ್ಲಿ ಲುಂಗ್ ಕಿಂಗ್ ಹೀನ್ ಎಂಬ ಭೋಜನಶಾಲೆ. ಫ್ರಾನ್ಸಿನ ಟೈರು ಕಂಪನಿಯಾದ ಮಿಷೆಲಿನ್‌ನವರು ೧೯೦೦ರಿಂದ ಹೊರಡಿಸುತ್ತ ಬಂದಿರುವ ಕೈಪಿಡಿಯೊಂದುಂಟಲ್ಲವೇ, ಒಳ್ಳೆಯ ಭೋಜನಶಾಲೆಗಳಿಗೆ ನಕ್ಷತ್ರ ಕೊಡುವುದು! ಆ ಕೈಪಿಡಿಯ ಹಾಂಗ್‌ಕಾಂಗ್ ಆವೃತ್ತಿ ಮೊದಲ ಬಾರಿಗೆ ಹೊರಟದ್ದು ೨೦೦೮ರ ಕೊನೆಯಲ್ಲಿ. ಮೂರು ನಕ್ಷತ್ರಗಳ ಪರಮಪದವಿಯನ್ನು ಪಡೆದ ಮೊಟ್ಟಮೊದಲ ಚೀಣೀ ಭೋಜನಶಾಲೆ ಇದೇ.

"ಅಲ್ಲಿಗೇ ಹೋಗುವುದೇನು?" ಎಂದು ನಾನು ಗಾಬರಿಯಿಂದ ಜೇಬು ಮುಟ್ಟಿಕೊಂಡೆ.

"ಅಲ್ಲ ದೊಡ್ಡಪ್ಪ. ಅಲ್ಲಿನ ಅಡಿಗೆಮನೆಯಿಂದ ಹೊರಗೆ ಬಂದವರೊಬ್ಬರ ಅಂಗಡಿಗೆ."

ಸ್ಟಾರ್ ಫೆರಿ ಎಂಬ ಹಸಿರು ಬಿಳಿ ಬಣ್ಣದ ಹಳೆಯ ದೋಣಿಯಲ್ಲಿ ಆಚೆ ದಡಕ್ಕೆ ಹೊರಟೆವು. ಹತ್ತು ನಿಮಿಷವೂ ಹಿಡಿಯದ ಪ್ರಯಾಣ. ಮರದ ಬೆಂಚುಗಳ ಒರಗುಹಲಗೆಯನ್ನು ಆಚೀಚೆ ಮಗುಚಬಹುದು; ದೋಣಿ ಯಾವ ಕಡೆಗೆ ಹೊರಟರೂ ನೀವು ಮುಖ ಮುಂದಕ್ಕೆ ಮಾಡಿಯೇ ಕೂರಬಹುದು. ಈ ದೋಣಿಗಳ ಮೂಲಪುರುಷ ನಮ್ಮ ದೇಶದವನೆಂದು ನನಗೆ ತಿಳಿದದ್ದು ಅಂದೇ. ಮುಂಬಯಿಯಿಂದ ಬಂದ ದೊರಾಬ್ಜಿ ನವರೋಜಿ ಮಿಠಾಯಿವಾಲ ಎಂಬ ಪಾರಸಿ. ಮೊದಲು ಅಡಿಗೆಯವನಾಗಿ ದುಡಿದವನಂತೆ. ೧೮೮೮ರಲ್ಲಿ ಕೌಲೂನ್ ಫೆರಿ ಕಂಪನಿಯನ್ನು ಸ್ಥಾಪಿಸಿದ. ಹತ್ತು ವರ್ಷಗಳ ಮೇಲೆ ಅದು ಬೇರೆಯವರ ಕೈಸೇರಿ ಸ್ಟಾರ್ ಫೆರಿಯಾಯಿತು. ಹೆಸರಿನಲ್ಲಿಯೇ ಮಿಠಾಯಿ ಇರುವವನು ಒಲೆಯನ್ನು ಬಿಟ್ಟು ಸಮುದ್ರಕ್ಕಿಳಿದನಲ್ಲ ಎಂದು ನಾನು ಬೆರಗಾದೆ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಇದನ್ನು ನನಗೆ ಬೇಕೆಂದೇ ಹೇಳಿದಳೆಂಬ ಅನುಮಾನ ಈಗಲೂ ಇದೆ.

ಆಚೆ ದಡದಲ್ಲಿ ನೆಲದೊಳಗಿನ ರೈಲು. ಅದರ ಹೆಸರು ಎಂ.ಟಿ.ಆರ್.! ನಿಲ್ದಾಣದ ಫಲಕದ ಮೇಲೆ ಆ ಮೂರು ಅಕ್ಷರಗಳನ್ನು ಕಂಡಾಗ ನನ್ನ ಬಾಯಲ್ಲಿ ತಾನಾಗಿಯೇ ನೀರೂರಿತು. ಲಾಲ್‌ಬಾಗ್ ರಸ್ತೆಯ ರವೆ ಇಡ್ಲಿಯನ್ನೂ ಬೆಳ್ಳಿಲೋಟದ ಕಾಫಿಯನ್ನೂ ನೆನೆಯುತ್ತ ಪರದೇಶದ ಸುರಂಗದಲ್ಲಿ ಸಾಗಿದೆ. ಆ ಎಂ.ಟಿ.ಆರ್. ಕಟ್ಟಿದವರೂ ಯಾರು? ಕೋಟದ ಕಡೆಯಿಂದ ಬೆಂಗಳೂರಿಗೆ ಬಂದು ದೊಡ್ಡವರ ಮನೆಗಳಲ್ಲಿ ಅಡಿಗೆ ಮಾಡಿಕೊಂಡಿದ್ದ ಮಯ್ಯ ಸಹೋದರರು. ೧೯೨೪ರಲ್ಲಿ ಸ್ವಂತ ಹೋಟೆಲು ತೆರೆದರು. ಅವರ ತಾಯಿತಂದೆಯರೂ, "ಇದ್ದ ಮನೆಯ ಅನ್ನ ಬಿಟ್ಟು ಇದೇನು ಹುಚ್ಚು" ಎಂದು ಹೇಳಿರಬಹುದೇ ಎಂಬ ಯೋಚನೆ ಬಂದಿತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ನಾನು ವಿರುದ್ಧ ಪಕ್ಷದ ವಕೀಲ.

ಶಾಮ್ ಶುಯ್ ಪೊ ಎಂಬ ನಿಲ್ದಾಣದಲ್ಲಿ ಇಳಿದೆವು. ಹೆಸರಿನ ಅರ್ಥ ಆಳನೀರಿನ ಕಟ್ಟೆ ಎಂದು. ಈಗ ಅಲ್ಲಿ ನೀರಿಲ್ಲ. ಕಡಲನ್ನು ಹಿಂದಕ್ಕೆ ತಳ್ಳಿ ಊರು ಬೆಳೆದಿದೆ. ಸೆಂಟ್ರಲ್ಲಿನ ಗಾಜಿನ ಗೋಪುರಗಳನ್ನು ನೋಡಿ ಹಾಂಗ್‌ಕಾಂಗೆಂದರೆ ಇಷ್ಟೇ ಎಂದುಕೊಂಡವರು ಇಲ್ಲಿಗೆ ಬರಬೇಕು. ಒಂದು ಬೀದಿಯಲ್ಲಿ ಮಣಿಗಳು, ಇನ್ನೊಂದರಲ್ಲಿ ಗುಂಡಿಗಳು, ಮತ್ತೊಂದರಲ್ಲಿ ಆಟದ ಸಾಮಾನುಗಳು. ಅಪ್ ಲ್ಯೂ ಬೀದಿಯಲ್ಲಂತೂ ಹಳೆಯ ರೇಡಿಯೋ, ಒಡೆದ ಕ್ಯಾಮರಾ, ಒಂಟಿ ಗಡಿಯಾರಗಳೆಲ್ಲ ನೆಲದ ಮೇಲೆ ಹರವಿಕೊಂಡು ಮಾರಾಟಕ್ಕಿವೆ. ನಮ್ಮ ಚಿಕ್ಕಪೇಟೆಯನ್ನೂ ಅವೆನ್ಯೂ ರಸ್ತೆಯನ್ನೂ ಭಾನುವಾರದ ಗುಜರಿಯನ್ನೂ ಒಂದೇ ಚೀಲದಲ್ಲಿ ಹಾಕಿ ಕುಲುಕಿದಂತೆ.

ಇದರ ಪಕ್ಕದ ಗುಡ್ಡದ ಬುಡವೇ ಶೆಕ್ ಕಿಪ್ ಮೇಯ್. ೧೯೫೩ರ ಕ್ರಿಸ್‌ಮಸ್ ರಾತ್ರಿ ಅಲ್ಲಿನ ಗುಡಿಸಲುಗಳಿಗೆ ಬೆಂಕಿ ಬಿದ್ದು ಐವತ್ತು ಸಾವಿರಕ್ಕೂ ಹೆಚ್ಚು ಜನ ಬೀದಿಪಾಲಾದರು. ಚೀಣದಿಂದ ಓಡಿಬಂದಿದ್ದ ನಿರಾಶ್ರಿತರು ಅವರು. ಅವರಿಗಾಗಿ ಸರ್ಕಾರ ಕಟ್ಟಿಸಿದ ಮೊದಲ ಮನೆಗಳಲ್ಲಿ ದೊಡ್ಡವರೊಬ್ಬರಿಗೆ ೨೪ ಚದರ ಅಡಿ, ಮಕ್ಕಳಿಗೆ ಅದರಲ್ಲಿ ಅರ್ಧ. ಒಂದು ಚಾಪೆ ಹಾಸಿದರೆ ಮುಗಿಯಿತು. ಆ ಕಟ್ಟಡಗಳಲ್ಲಿ ಒಂದನ್ನು ನೆನಪಿಗಾಗಿ ಉಳಿಸಿ ಯಾತ್ರಿಕರ ವಸತಿಗೃಹವನ್ನೂ ಸಣ್ಣದೊಂದು ವಸ್ತುಸಂಗ್ರಹಾಲಯವನ್ನೂ ಮಾಡಿದ್ದಾರೆ. ಈ ಊರಿನವರು ದುಡಿಮೆಯನ್ನು ಹಲ್ಲುಕಚ್ಚಿ ಹಿಡಿದುಕೊಳ್ಳುವುದೇಕೆಂದು ತಿಳಿಯಬೇಕಾದರೆ ಆ ೨೪ ಚದರ ಅಡಿಯನ್ನು ನೆನೆದರೆ ಸಾಕು.

ಫುಕ್ ವಿಂಗ್ ಬೀದಿಯಲ್ಲಿ ಅಂಗಡಿಯನ್ನು ಹುಡುಕುವ ಶ್ರಮವೇ ಇರಲಿಲ್ಲ. ಎಲ್ಲಿ ಜನ ಗುಂಪುಗೂಡಿದ್ದರೋ ಅದೇ ಟಿಮ್ ಹೋ ವಾನ್. "ಒಳ್ಳೆಯ ಅದೃಷ್ಟ ಸೇರಲಿ" ಎಂಬುದು ಆ ಹೆಸರಿನ ಅರ್ಥ. ಬಾಗಿಲಲ್ಲಿ ನಿಂತಿದ್ದ ಹೆಂಗಸೊಬ್ಬಳು ನಮ್ಮ ಕೈಗೆ ಅಂಕಿಯ ಚೀಟಿಯನ್ನೂ ತಿಂಡಿಗಳ ಪಟ್ಟಿಯನ್ನೂ ತುರುಕಿದಳು. ಬೇಕಾದುದಕ್ಕೆ ಪೆನ್ಸಿಲಿನಿಂದ ಗುರುತು ಹಾಕಿ ಮೊದಲೇ ಸಿದ್ಧವಾಗಿರಬೇಕು. ಭಾನುವಾರ ಬೆಳಗ್ಗೆ ವಿದ್ಯಾರ್ಥಿ ಭವನದ ಮುಂದೆ ದೋಸೆಗಾಗಿ ನಿಂತವರಿಗೆ ಇದೇನೂ ಹೊಸದಲ್ಲ. ಒಂದೂಕಾಲು ಘಂಟೆ ನಿಂತೆವು. ನಾನು ಬಂದ ಕಾರ್ಯವೂ ಅಲ್ಲಿಯೇ ನಡೆಯಿತು.

ಮೊದಲು ಅವಳು ಆ ಅಡಿಗೆಯವರ ಕಥೆ ಹೇಳಿದಳು. ಹೆಸರು ಮಾಕ್ ಕ್ವಾಯ್ ಪುಯ್. ಹದಿಹರೆಯದಲ್ಲಿಯೇ ಡಿಮ್ ಸಮ್ ಅಡಿಗೆಮನೆಗೆ ಸೇರಿ ಕಸುಬು ಕಲಿತವರು; ಮುಂದೆ ನಾವು ಬೆಳಗ್ಗೆ ಕಂಡ ಲುಂಗ್ ಕಿಂಗ್ ಹೀನ್‌ನಲ್ಲಿ ಡಿಮ್ ಸಮ್ ವಿಭಾಗದಲ್ಲಿದ್ದರು. ಮೂರು ನಕ್ಷತ್ರಗಳ ಮನೆ, ಭದ್ರವಾದ ಕೆಲಸ. ಜಗತ್ತಿನ ಬ್ಯಾಂಕುಗಳೆಲ್ಲ ತತ್ತರಿಸುತ್ತಿದ್ದ ಕಾಲದಲ್ಲಿ ಅದನ್ನು ಬಿಟ್ಟು, ೨೦೦೯ರಲ್ಲಿ ಮಾಂಗ್ ಕಾಕ್ ಎಂಬ ಇಕ್ಕಟ್ಟಿನ ಪೇಟೆಯಲ್ಲಿ ಗೆಳೆಯರೊಬ್ಬರೊಡನೆ ಇಪ್ಪತ್ತು ಜನ ಕೂರುವಷ್ಟು ಪುಟ್ಟ ಅಂಗಡಿ ತೆರೆದರು. ದೊಡ್ಡ ಹೋಟೆಲಿನ ಕೈರುಚಿಯನ್ನು ಬೀದಿಯ ಬೆಲೆಗೆ ಕೊಡುವುದು ಅವರ ಉದ್ದೇಶ. ಅದೇ ವರ್ಷದ ಕೊನೆಗೆ ಮಿಷೆಲಿನ್‌ನವರು ಆ ಪುಟ್ಟ ಅಂಗಡಿಗೂ ಒಂದು ನಕ್ಷತ್ರ ಕೊಟ್ಟರು. ನಕ್ಷತ್ರವುಳ್ಳ ಭೋಜನಶಾಲೆಗಳಲ್ಲೆಲ್ಲ ಜಗತ್ತಿನಲ್ಲಿಯೇ ಅಗ್ಗವಾದದ್ದೆಂದು ಹೆಸರಾಯಿತು. ಮರುವರ್ಷ ತೆರೆದದ್ದೇ ನಾವು ನಿಂತಿದ್ದ ಅಂಗಡಿ.

"ಸರಿ" ಎಂದೆ. "ಗೆದ್ದವನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದೇ ವರ್ಷ ಕೆಲಸ ಬಿಟ್ಟು ಅಂಗಡಿ ತೆರೆದು ಬಾಗಿಲು ಮುಚ್ಚಿದವರ ಪಟ್ಟಿ ಎಲ್ಲಿದೆ? ಸಾಲ ವಸೂಲಿಗೆ ಅಂಥವರ ಮನೆಗಳಿಗೆ ಹೋದವನು ನಾನು. ನಿನಗೇನು ಅಡಿಗೆ ಬರುತ್ತದೆಯೇ? ಸಂಗೀತವೇ? ಏನು ಮಾಡಬೇಕೆಂದಿದ್ದೀಯೆ?"

"ಅದೇ ಗೊತ್ತಿಲ್ಲ ದೊಡ್ಡಪ್ಪ. ಗೊತ್ತಿದ್ದಿದ್ದರೆ ನಿಮ್ಮನ್ನು ಇಷ್ಟು ದೂರ ಬರಲು ಬಿಡುತ್ತಿದ್ದೆನೇ?"

ಆ ಮಾತಿನಲ್ಲಿ ಅಳು ಹತ್ತಿರವಿದ್ದಿತು. ಅದನ್ನು ಕೇಳಿದ ಮೇಲೆ, ನನ್ನ ಹೆಂಡತಿಯ ಹೊರತು ಯಾರಿಗೂ ಹೇಳದಿದ್ದ ಒಂದು ಸಂಗತಿ ನನ್ನ ಬಾಯಿಂದ ಹೊರಬಿದ್ದಿತು. ೧೯೮೮ರಲ್ಲಿ ಮಲೆನಾಡಿನ ಒಂದು ಖಾಸಗಿ ಕಾಲೇಜಿನವರು ನನ್ನನ್ನು ಗಣಿತದ ಉಪನ್ಯಾಸಕನಾಗಿ ಬರಹೇಳಿದ್ದರು. ಎಂ.ಎಸ್‌ಸಿ. ಓದುವಾಗ ನಾನು ಕಂಡ ಕನಸೇ ಅದು. ಸಂಬಳ ಬ್ಯಾಂಕಿನ ಅರ್ಧ. ತಂಗಿಯರಿಬ್ಬರ ಮದುವೆ ಬಾಕಿ; ಇವಳ ತಂದೆ ಆಗಿನ್ನೂ ಕಾಲೇಜಿನಲ್ಲಿದ್ದ. ಆ ಕಾಗದವನ್ನು ನಾಲ್ಕು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿ, ಐದನೆಯ ದಿನ ಹರಿದುಹಾಕಿದೆ.

"ಪಶ್ಚಾತ್ತಾಪವಾಗುತ್ತದೆಯೇ?" ಎಂದಳು.

ಆಗುತ್ತದೆಂದರೆ ಸುಳ್ಳು, ಆಗುವುದಿಲ್ಲವೆಂದರೂ ಸುಳ್ಳೇ. ಮದುವೆಗಳಾದವು, ಮನೆಯಾಯಿತು. ಬ್ಯಾಂಕಿನಲ್ಲಿ ಕಾಗದದ ಹಿಂಬದಿಯಲ್ಲಿ ಈಗಲೂ ನಾನು ಲೆಕ್ಕಗಳನ್ನು ಬಿಡಿಸುತ್ತ ಕೂರುವುದನ್ನು ಕಂಡು ಗುಮಾಸ್ತರು ನಗುತ್ತಾರೆ. ಅಷ್ಟನ್ನು ಹೇಳಿದೆ. ಅಷ್ಟರಲ್ಲಿ ನಮ್ಮ ಅಂಕಿಯನ್ನು ಕೂಗಿದರು.

ಒಳಗೆ ಹಬೆ, ಗದ್ದಲ, ತಟ್ಟೆಗಳ ಸಪ್ಪಳ. ಇಲ್ಲಿ ಪರಿಚಯವಿಲ್ಲದವರೊಡನೆ ಒಂದೇ ಮೇಜನ್ನು ಹಂಚಿಕೊಳ್ಳುವುದು ವಾಡಿಕೆ. ಮುದುಕ ದಂಪತಿಗಳ ಎದುರಿಗೆ ನಮ್ಮನ್ನು ಕೂರಿಸಿದರು. ಮೊದಲು ಚಹ ಬಂದಿತು. ಚಹ ಬಂದೊಡನೆ ಕುಡಿಯಹೊರಟ ನನ್ನ ಕೈಯನ್ನು ತಡೆದು, ಹುಡುಗಿ ಆ ಬಿಸಿ ಚಹದಲ್ಲಿಯೇ ಬಟ್ಟಲು ಕಡ್ಡಿಗಳನ್ನೆಲ್ಲ ತೊಳೆದಳು. ಅದೂ ಅಲ್ಲಿನ ಆಚಾರವೇ. ನಮ್ಮ ಅಜ್ಜಿ ನೋಡಿದ್ದರೆ ಮೆಚ್ಚುತ್ತಿದ್ದಳು. ನನ್ನ ಬಟ್ಟಲಿಗೆ ಅವಳು ಚಹ ಸುರಿದಾಗ ಎದುರಿನ ಮುದುಕರು ನಗುತ್ತ ಎರಡು ಬೆರಳುಗಳನ್ನು ಮಡಿಸಿ ಮೇಜಿನ ಮೇಲೆ ತಟ್ಟಿ ತೋರಿಸಿದರು. ಹಾಗೆ ತಟ್ಟುವುದೇ ವಂದನೆ. ಚಿಯೆನ್‌ಲುಂಗ್ ಚಕ್ರವರ್ತಿ ಮಾರುವೇಷದಲ್ಲಿ ತಿರುಗುತ್ತ ತನ್ನ ಸೇವಕರಿಗೆ ತಾನೇ ಚಹ ಬಗ್ಗಿಸಿದನಂತೆ. ಸಾಷ್ಟಾಂಗ ಬಿದ್ದರೆ ಗುಟ್ಟು ರಟ್ಟಾದೀತೆಂದು ಅವರು ಬೆರಳನ್ನೇ ಮಂಡಿಯಂತೆ ಮಡಿಸಿ ನಮಸ್ಕರಿಸಿದರಂತೆ. ಕಥೆ ನಿಜವೋ ಸುಳ್ಳೋ, ಬಾಯ್ತುಂಬ ತಿಂಡಿಯಿರುವಾಗ ಬಹಳ ಅನುಕೂಲವಾದ ಪದ್ಧತಿ.

ಡಿಮ್ ಸಮ್ ಎಂಬುದು ಒಂದು ತಿಂಡಿಯ ಹೆಸರಲ್ಲ. ಒಂದು ಕುಲದ ಹೆಸರು. ಹೃದಯವನ್ನು ಮುಟ್ಟುವುದು ಎಂದು ಅಕ್ಷರಶಃ ಅರ್ಥ. ದಕ್ಷಿಣ ಚೀಣದ ಕ್ಯಾಂಟನ್ ಸೀಮೆಯ ಚಹದಂಗಡಿಗಳಲ್ಲಿ ಚಹದ ಜೊತೆಗೆ ಕೊಡುತ್ತಿದ್ದ ಸಣ್ಣ ಸಣ್ಣ ತಿನಿಸುಗಳಿವು. "ಚಹ ಕುಡಿಯೋಣ ಬಾ" ಎಂದು ಅಲ್ಲಿ ಕರೆದರೆ ಇವನ್ನು ತಿನ್ನೋಣ ಬಾ ಎಂದೇ ಅರ್ಥ. ಹಿಂದೆ ಮುದುಕರು ಬೆಳಗಾಗುತ್ತಲೇ ತಮ್ಮ ಹಕ್ಕಿಯ ಪಂಜರವನ್ನೂ ಹಿಡಿದುಕೊಂಡು ಚಹದಂಗಡಿಗೆ ಬಂದು, ಒಂದು ಬಟ್ಟಲು ಚಹ, ಎರಡು ತುಣುಕು ತಿಂಡಿಯಲ್ಲಿ ಅರ್ಧ ದಿನ ಕಳೆಯುತ್ತಿದ್ದರಂತೆ. ತಳ್ಳುಗಾಡಿಗಳಲ್ಲಿ ಬಿದಿರಿನ ಕರಡಿಗೆಗಳನ್ನು ಹೇರಿಕೊಂಡು ಹೆಂಗಸರು ಹೆಸರು ಕೂಗುತ್ತ ಬರುವ ಪದ್ಧತಿ ಕೆಲವೇ ಕಡೆ ಉಳಿದಿದೆ. ಇಲ್ಲಿ ಎಲ್ಲವೂ ಚೀಟಿಯ ಮೇಲೆ.

ಈ ಅಂಗಡಿಯ ನಾಲ್ಕು ತಿಂಡಿಗಳಿಗೆ ಚತುರ್ಮಹಾರಾಜರೆಂದು ಬಿರುದುಂಟು. ಬೌದ್ಧರ ದಿಕ್ಪಾಲಕರ ಹೆಸರು ಅದು. ಹಂದಿಯ ಮಾಂಸವನ್ನು ಒಳಗಿಟ್ಟು ಒಲೆಯಲ್ಲಿ ಬೇಯಿಸಿದ ಬನ್ನು ಒಂದು. ಹಂದಿಯ ಯಕೃತ್ತನ್ನು ಸುತ್ತಿದ ಅಕ್ಕಿಯ ಸುರುಳಿ ಎರಡು. ಮೂಲಂಗಿಯ ತುರಿಯನ್ನು ಅಕ್ಕಿಹಿಟ್ಟಿನಲ್ಲಿ ಬೇಯಿಸಿ, ಬಿಲ್ಲೆ ಕೊಯ್ದು ಹುರಿದದ್ದು ಮೂರು. ಈ ಮೂರನೆಯದಾದರೂ ನನಗೆ ದಕ್ಕೀತೆಂದುಕೊಂಡರೆ ಅದರೊಳಗೂ ಒಣಸೀಗಡಿಯಿರುತ್ತದೆಂದು ಹುಡುಗಿ ಹೇಳಿದಳು. ನಾಲ್ವರು ರಾಜರಲ್ಲಿ ನನಗೆ ದರ್ಶನ ಕೊಟ್ಟವನು ಒಬ್ಬನೇ: ಹಬೆಯಲ್ಲಿ ಬೇಯಿಸಿದ ಮೊಟ್ಟೆಯ ಕೇಕು. ಬೆಂಗಳೂರಿನ ಬೇಕರಿಗಳಲ್ಲಿ ಕೇಕಿನೊಳಗೆ ಏನಿದೆಯೆಂದು ಎಂದೂ ಕೇಳದೆ ತಿಂದವನಿಗೆ ಇಲ್ಲಿ ಮಡಿ ಏಕೆಂದು ತಿಂದೆ. ಬೆಲ್ಲದ ಪರಿಮಳ, ಹತ್ತಿಯ ಹಗುರ. ಬೇಯಿಸಿದ ಸೊಪ್ಪು ಒಂದು ತಟ್ಟೆ. ಜೊತೆಗೆ ಕಪ್ಪುಬಣ್ಣದ ಪುಎರ್ ಚಹ. ನನ್ನ ಭೋಜನ ಅಷ್ಟೇ.

ಹುಡುಗಿ ಮಾತ್ರ ಮೊದಲನೆಯ ಮಹಾರಾಜನನ್ನು ಮೂರು ಸಲ ಸ್ವಾಗತಿಸಿದಳು. ಮೇಲೆ ಸಕ್ಕರೆಯ ಗರಿಗರಿ ಹೊದಿಕೆ, ಮುರಿದರೆ ಒಳಗಿನಿಂದ ಹಬೆ. ಅವಳು ಹೊರದೇಶಕ್ಕೆ ಹೋದಮೇಲೆ ಎಲ್ಲವನ್ನೂ ತಿನ್ನುತ್ತಾಳೆಂಬುದು ತಮ್ಮನಿಗೆ ಗೊತ್ತಿರಲಿಲ್ಲ. ಅವನು ಈ ಪತ್ರಿಕೆಯ ಚಂದಾದಾರ; ಈಗ ಗೊತ್ತಾಗಲಿ, ಬಿಡಿ.

ಬೆಲೆಯೂ ಹಾಗೆಯೇ ಇದ್ದಿತು. ಒಂದು ಕರಡಿಗೆಗೆ ಇಪ್ಪತ್ತು ಮೂವತ್ತು ಹಾಂಗ್‌ಕಾಂಗ್ ಡಾಲರು; ಆಗ ಒಂದು ಡಾಲರಿಗೆ ನಮ್ಮ ಒಂಬತ್ತು ರೂಪಾಯಿ. ಆ ಊರಿನ ಮಟ್ಟಕ್ಕೆ ಇದು ಧರ್ಮಛತ್ರವೇ ಸರಿ.

ನಾನು ಬಹಳ ಹೊತ್ತು ನೋಡಿದ್ದು ಎದುರಿನ ಮುದುಕರನ್ನು. ಅವರ ಮುಂದೆ ಹಾರ್ ಗಾವ್ ಎಂಬ ಸೀಗಡಿಯ ಕಡುಬು ಬಂದಿತು. ಅದನ್ನು ಅವರು ಒಡನೆ ತಿನ್ನಲಿಲ್ಲ. ಕಡ್ಡಿಗಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಹೆಂಡತಿಗೆ ಏನೋ ಹೇಳಿದರು. ಹುಡುಗಿ ನನಗೆ ವಿವರಿಸಿದಳು. ಗೋಧಿಯ ಪಿಷ್ಟಕ್ಕೆ ಕುದಿನೀರು ಹೊಯ್ದು ನಾದಿ, ಎಣ್ಣೆ ಸವರಿದ ಅಗಲವಾದ ಕತ್ತಿಯ ಮಗ್ಗುಲಿನಿಂದ ಒತ್ತಿ, ಕಾಗದದಷ್ಟು ತೆಳುವಾದ ಹಾಳೆ ಮಾಡುತ್ತಾರೆ. ಒಳಗಿನ ಸೀಗಡಿಯ ಬಣ್ಣ ಹೊರಕ್ಕೆ ತೋರಬೇಕು. ಆದರೆ ಎತ್ತಿದಾಗ ಹರಿಯಬಾರದು. ಅಂಚಿನಲ್ಲಿ ಏಳು ನಿರಿಗೆಯಾದರೂ ಇರಬೇಕು. ಹತ್ತಕ್ಕೆ ಮೇಲಿದ್ದರೆ ಕೈ ಪಳಗಿದ್ದೆಂದು ಲೆಕ್ಕ. ನಮ್ಮಲ್ಲಿ ಚೌತಿಯ ದಿನ ಮೋದಕದ ನಿರಿಗೆಯನ್ನು ನೋಡಿ ಅತ್ತೆಯವರು ಸೊಸೆಯನ್ನು ಅಳೆಯುವುದಿಲ್ಲವೇ, ಹಾಗೆ. ಆ ಕೈ ಪಳಗಲು ಹುಡುಗರು ನಸುಕಿನಲ್ಲೆದ್ದು ವರ್ಷಗಟ್ಟಲೆ ದುಡಿಯುತ್ತಾರೆ. ಹೂರಣ ಕಲಸುವವರು ಬೇರೆ, ಹಿಟ್ಟಿನ ಹಲಗೆಯವರು ಬೇರೆ, ಹಬೆಯ ಒಲೆಯವರು ಬೇರೆ. ಒಂದೊಂದನ್ನೂ ಕಲಿತು ಮುಂದಕ್ಕೆ ಹೋಗಬೇಕು.

ಮುದುಕರು ನಿರಿಗೆ ಎಣಿಸಿ, ಕಚ್ಚಿ, ಕಣ್ಣುಮುಚ್ಚಿ ಅಗಿದು, ಕಡೆಗೆ ತಲೆಯಾಡಿಸಿದರು.

"ದೊಡ್ಡಪ್ಪ" ಎಂದಳು ಹುಡುಗಿ. ಅವಳ ಬನ್ನು ಆರಿಹೋಗುತ್ತಿದ್ದಿತು. "ನಾಲ್ಕು ವರ್ಷದಲ್ಲಿ ನಾನು ನೂರಾರು ವರದಿಗಳನ್ನು ಬರೆದಿದ್ದೇನೆ. ಒಂದನ್ನಾದರೂ ಯಾರೂ ಹೀಗೆ ಬೆಳಕಿಗೆ ಹಿಡಿದು ನೋಡಿಲ್ಲ. ಒಂದು ಸಲ ಬೇಕೆಂದೇ ಮೂವತ್ತನೆಯ ಪುಟದಲ್ಲಿ ಒಂದು ಮೊತ್ತವನ್ನು ತಪ್ಪಾಗಿ ಬರೆದು ಕಳಿಸಿದೆ. ನಾಲ್ಕು ಜನ ರುಜು ಹಾಕಿದರು. ನಾನೇ ಹೋಗಿ ತಿದ್ದಬೇಕಾಯಿತು. ಆ ದಿನ ರಾತ್ರಿ ಅಪ್ಪನಿಗೆ ಫೋನು ಮಾಡಿದೆ."

ಬ್ಯಾಂಕಿನವನಾದ ನನಗೆ ಎದೆ ಝಲ್ಲೆಂದಿತು. ಅವಳು ಮಾಡಿದ್ದು ತಪ್ಪು. ಅದನ್ನು ಹೇಳಿಯೂ ಹೇಳಿದೆ. ಆದರೆ ಕೆಲಸವೇ ಬೇಡವೆಂದು ಓಡಿಹೋಗುವವರ ಮಾತು ಹೀಗಿರುವುದಿಲ್ಲವೆಂದೂ ತಿಳಿಯಿತು.

"ನಿನಗೆ ಲೆಕ್ಕ ಬೇಸರವಾಗಿಲ್ಲವೇ ಹಾಗಾದರೆ?"

"ಇಲ್ಲ. ಲೆಕ್ಕವೆಂದರೆ ಈಗಲೂ ಇಷ್ಟ. ಈ ಮಾಕ್ ಅವರನ್ನೇ ನೋಡಿ. ಅಲ್ಲಿಯೂ ಇದೇ ಕಡುಬನ್ನೇ ಮಾಡುತ್ತಿದ್ದರು, ಇಲ್ಲಿಯೂ ಇದನ್ನೇ ಮಾಡಿದರು. ಅವರು ಕೆಲಸವನ್ನೆಲ್ಲಿ ಬಿಟ್ಟರು? ಜಾಗವನ್ನು ಬಿಟ್ಟರು, ಅಷ್ಟೇ."

ಊರಿಂದ ಹೊತ್ತುಕೊಂಡು ಬಂದ ಬುದ್ಧಿಮಾತುಗಳಲ್ಲಿ ಒಂದೂ ಇದಕ್ಕೆ ಹೊಂದಲಿಲ್ಲ. ಆದರೂ ಎರಡು ಮಾತು ಹೇಳಿದೆ. ಒಂದು, ಸ್ವಂತ ಇಚ್ಛೆಯ ಕೆಲಸವೆಂದು ಯಾರೂ ಬಾಡಿಗೆ ಬಿಟ್ಟುಕೊಡುವುದಿಲ್ಲ. ಮಾಂಗ್ ಕಾಕ್‌ನ ಆ ಮೊದಲ ಪುಟ್ಟ ಅಂಗಡಿಯೂ ಬಾಡಿಗೆಯ ಏರಿಕೆಯಿಂದ ೨೦೧೩ರಲ್ಲಿ ಜಾಗ ಬದಲಿಸಬೇಕಾಯಿತೆಂದು ಅವಳೇ ಹೇಳಿದ್ದಳಲ್ಲ! ಆದ್ದರಿಂದ ಒಂದು ವರ್ಷದ ಖರ್ಚಿನ ಹಣವನ್ನು ಬೇರೆ ಖಾತೆಯಲ್ಲಿಡು. ಎರಡನೆಯದು, ನಿಮ್ಮಲ್ಲಿ ಬೋನಸ್ಸು ಯಾವ ತಿಂಗಳು?

"ಮಾರ್ಚಿ" ಎಂದಳು.

"ಹಾಗಾದರೆ ಏಪ್ರಿಲಿನಲ್ಲಿ ಬಿಡು."

ಅವಳು ನಕ್ಕಳು. ನಾನು ಬಂದ ಮೇಲೆ ಆ ನಗುವನ್ನು ಕೇಳಿದ್ದು ಅದೇ ಮೊದಲು. ಖಾಲಿ ಕುರ್ಚಿಗಾಗಿ ಕಾಯುತ್ತಿದ್ದವರು ನಮ್ಮ ಬೆನ್ನ ಹಿಂದೆಯೇ ನಿಂತಿದ್ದುದರಿಂದ ಬೇಗನೆ ಎದ್ದೆವು. ಮುದುಕ ದಂಪತಿಗಳಿಗೆ ಎರಡು ಬೆರಳು ತಟ್ಟಿ ತೋರಿಸಿದೆ. ಚಹ ಸುರಿದಾಗ ಮಾತ್ರ ತಟ್ಟಬೇಕೆಂದು ಹೊರಗೆ ಬಂದಮೇಲೆ ಹುಡುಗಿ ಹೇಳಿದಳು.

ಊರಿಗೆ ಹಿಂದಿರುಗಿದ ಮೇಲೆ ತಮ್ಮ ನನ್ನೊಡನೆ ಮೂರು ತಿಂಗಳು ಮಾತು ಬಿಟ್ಟ. ಹುಡುಗಿ ೨೦೧೯ರ ಏಪ್ರಿಲಿನಲ್ಲಿ ಕೆಲಸ ಬಿಟ್ಟಳು. ಅದೇ ವರ್ಷ ಹಾಂಗ್‌ಕಾಂಗ್ ಬೀದಿಗಳಲ್ಲಿ ದೊಡ್ಡ ಚಳವಳಿಗಳೆದ್ದವು. ಮರುವರ್ಷ ಕೊರೋನಾ ಬಂದಿತು. ಫುಕ್ ವಿಂಗ್ ಬೀದಿಯ ಅಂಗಡಿಯ ನಕ್ಷತ್ರವೂ ೨೦೨೨ರ ಕೈಪಿಡಿಯಲ್ಲಿ ಉಳಿಯಲಿಲ್ಲ. ಟಿಮ್ ಹೋ ವಾನ್ ಹೆಸರಿನ ಅಂಗಡಿಗಳು ಅಷ್ಟರಲ್ಲಿ ಹಲವು ದೇಶಗಳಲ್ಲಿ ತೆರೆದಿದ್ದವು. ಒಡೆತನ ಫಿಲಿಪೈನ್ಸಿನ ಜಾಲಿಬೀ ಕಂಪನಿಯ ಕಡೆಗೆ ಸಾಗಿತು. ಇಪ್ಪತ್ತು ಕುರ್ಚಿಗಳ ಅಂಗಡಿ ಹಾಗೆ ಬೆಳೆದುದು ಒಳ್ಳೆಯದೋ ಅಲ್ಲವೋ ಎಂದು ನಾನೂ ಅವಳೂ ಈಗಲೂ ವಾದಿಸುತ್ತೇವೆ.

ಅವಳು ಈಗ ಹಾವೇರಿ ಜಿಲ್ಲೆಯಲ್ಲಿದ್ದಾಳೆ. ಮೆಣಸಿನಕಾಯಿ ಬೆಳೆಯುವ ರೈತರೇ ಕೂಡಿ ಕಟ್ಟಿಕೊಂಡಿರುವ ಒಂದು ಉತ್ಪಾದಕರ ಕಂಪನಿಗೆ ಲೆಕ್ಕ ಬರೆಯುತ್ತಾಳೆ. ಸಂಬಳ ಹಿಂದಿನದರ ಎಂಟನೆಯ ಒಂದು ಪಾಲೂ ಇಲ್ಲ. ಕೆಲವು ತಿಂಗಳು ಅದೂ ತಡವಾಗುತ್ತದೆ. ಸುಖವಾಗಿದ್ದಾಳೆಯೇ ಎಂದು ತಮ್ಮ ಕೇಳುತ್ತಾನೆ. ದೂರು ಹೇಳುವುದಂತೂ ನಿಂತಿಲ್ಲ: ಕರೆಂಟಿಲ್ಲ, ಕಂಪ್ಯೂಟರು ಹಳತು, ಮೆಣಸಿನಕಾಯಿಯ ಘಾಟಿಗೆ ದಿನವೆಲ್ಲ ಸೀನು.

೨೦೨೩ರ ಫೆಬ್ರುವರಿಯಲ್ಲಿ ಅವಳನ್ನು ನೋಡಲು ಹೋಗಿದ್ದೆ. ಗೋದಾಮಿನ ಮೂಲೆಯ ಕೋಣೆಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕುಳಿತಿದ್ದಳು. ಆಗ ವಯಸ್ಸಾದ ರೈತನೊಬ್ಬ ಮಡಿಸಿದ ಚೀಟಿಯನ್ನು ಹಿಡಿದು ಬಂದ. "ಅಕ್ಕಾರ, ನಲವತ್ತು ರೂಪಾಯಿ ಕಡಿಮಿ ಬಂದೈತ್ರಿ" ಎಂದ. ಹುಡುಗಿ ಚೀಟಿಯನ್ನು ಮೇಜಿನ ಮೇಲೆ ಹರವಿ, ದಫ್ತರ ತೆಗೆದು, ಸಾಲು ಸಾಲಾಗಿ ಗಟ್ಟಿಯಾಗಿ ಓದತೊಡಗಿದಳು. ತೂಕ, ದರ, ಕಮಿಷನ್ನು, ಹಮಾಲಿ. ಪ್ರತಿ ಸಾಲಿಗೂ ಆತ ಹ್ಞೂಂಗುಡುತ್ತಿದ್ದ. ಅರ್ಧ ಘಂಟೆಯಾಯಿತು. ಕಡೆಗೆ ಹಮಾಲಿಯನ್ನು ಎರಡು ಸಲ ಕಳೆದಿರುವುದು ಸಿ��್ಕಿತು.

"ತಪ್ಪು ನನ್ನದೇ ರೀ, ಯಜಮಾನ್ರೇ" ಎಂದು ಅವಳು ಪೆಟ್ಟಿಗೆಯಿಂದ ನಾಲ್ಕು ಹತ್ತು ರೂಪಾಯಿ ನೋಟುಗಳನ್ನು ತೆಗೆದು ಕೊಟ್ಟಳು. ಆತ ಒಂದೊಂದು ನೋಟನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ರುಮಾಲಿನ ಅಂಚಿನಲ್ಲಿ ಗಂಟು ಹಾಕಿಕೊಂಡು ಹೊರಟುಹೋದ.